ಮೊದಲು ಖೂದೆಮೊರ್ಖೆನ್, ಆಮೇಲೆ ಮಾತು

ನೆದರ್‌ಲ್ಯಾಂಡ್ಸ್‌ಗೆ ಈಗಷ್ಟೇ ಬಂದಿರುವ ಎಲ್ಲರಿಗೂ ಸ್ವಾಗತ. ಇಲ್ಲಿ ಇಂಗ್ಲಿಷಿನಲ್ಲೇ ದಿನ ದೂಡಬಹುದು, ನಿಜ. ಆದರೆ ಪಕ್ಕದ ಮನೆಯವರ ಜೊತೆ, ಮಕ್ಕಳ ಶಾಲೆಯ ಗೇಟಿನ ಹತ್ತಿರ ನಾಲ್ಕು ಡಚ್ ಮಾತು ಆಡಿದರೆ ಬಳಕೆ ಬೇಗ ಬೆಳೆಯುತ್ತದೆ.

ಏನೇ ಕೇಳುವ ಮುಂಚೆ ವಂದಿಸಿ. ಮಧ್ಯಾಹ್ನ 12ರವರೆಗೆ ‘ಖೂದೆಮೊರ್ಖೆನ್’, ಸಂಜೆ 6ರವರೆಗೆ ‘ಖೂದೆಮಿದಾಖ್’, ಆಮೇಲೆ ‘ಖೂದೆನಾವೊಂಡ್’. ಬಸ್ ಹತ್ತುವಾಗ ಡ್ರೈವರ್‌ಗೂ ಹೇಳಿ. ಡಾಕ್ಟರ್ ಹತ್ತಿರ ಹೋದಾಗ ಅಲ್ಲಿ ಕಾಯುತ್ತಾ ಕೂತವರಿಗೂ ಒಂದು ಸಲ ಹೇಳುವುದು ರೂಢಿ. ನಾವು ‘ಖ’ ಎಂದು ಬರೆದ ಕಡೆ ಸದ್ದು ಗಂಟಲಿನಿಂದ ಉಜ್ಜಿಕೊಂಡು ಬರಬೇಕು. ಐಂಡ್‌ಹೋವನ್ ಇರುವ ದಕ್ಷಿಣದ ಕಡೆ ಅದು ಇನ್ನೂ ಮೆದು. ಗೆಳೆಯರಿಗೆ ‘ಹೋಯ್’ ಸಾಕು. ಹೊರಡುವಾಗ ‘ದೂಯ್’, ಗೌರವದಿಂದ ಹೇಳುವುದಾದರೆ ‘ತೊತ್ ಸೀನ್ಸ್’.

ನಮ್ಮ ನೀನು-ನೀವು ಇದ್ದ ಹಾಗೆ ಇಲ್ಲಿ ‘ಯೆ’ ಮತ್ತು ‘ಯು’ ಇವೆ. ತುಟಿ ಗುಂಡಗೆ ಮಾಡಿ ‘ಈ’ ಎಂದರೆ ಆ ‘ಯು’ ಬರುತ್ತದೆ. ಹಿರಿಯರಿಗೆ, ಗುರುತಿಲ್ಲದವರಿಗೆ ‘ದಾಂಕ್ ಯು ವೆಲ್’. ಗೆಳೆಯರಿಗೆ, ಮಕ್ಕಳಿಗೆ ‘ದಾಂಕ್ ಯೆ ವೆಲ್’. ಎರಡರ ಅರ್ಥವೂ ಧನ್ಯವಾದ. ‘ದಯವಿಟ್ಟು’ ಅನ್ನಲು ‘ಆಲ್ಸ್ಟ್ಯುಬ್ಲೀಫ್ಟ್’. ಕೈಗೆ ಏನಾದರೂ ಕೊಡುವಾಗ ‘ತಗೊಳ್ಳಿ’ ಅನ್ನುವುದಕ್ಕೂ ಇದೇ ಮಾತು. ಅಂಗಡಿಯಲ್ಲಿ ಕಾರ್ಡಿನಿಂದ ದುಡ್ಡು ಕೊಡಲು ‘ಪಿನ್ನೆನ್, ಆಲ್ಸ್ಟ್ಯುಬ್ಲೀಫ್ಟ್’ ಎನ್ನಿ. ‘ಬೊನ್ನೆಚೆ?’ ಎಂದರೆ ರಸೀದಿ ಬೇಕಾ ಎಂದು ಕೇಳುತ್ತಿದ್ದಾರೆ.

ಯಾರಾದರೂ ಕಾಫಿ ಬೇಕಾ ಎಂದು ಕೇಳಿದಾಗ ಜೋಪಾನ. ಬರೀ ‘ದಾಂಕ್ ಯೆ’ ಅಂದರೆ ಬೇಡ ಎಂದುಕೊಳ್ಳಬಹುದು. ಬೇಕಿದ್ದರೆ ‘ಯಾ, ಖ್ರಾಖ್’, ಬೇಡವಾದರೆ ‘ನೇ, ದಾಂಕ್ ಯೆ’. ನಮ್ಮ ಕಡೆಯ ಹಾಗೆ ಮೂರು ಸಲ ಒತ್ತಾಯ ಮಾಡುವುದು ಇಲ್ಲಿ ಕಡಿಮೆ. ಹಾಗಾಗಿ ಸಂಕೋಚ ಬೇಡ, ಮೊದಲ ಸಲವೇ ಹೇಳಿಬಿಡಿ.

ಹುಟ್ಟುಹಬ್ಬಕ್ಕೆ ಕರೆದರೆ ಮಗುವಿಗೆ ಮಾತ್ರ ಅಲ್ಲ, ಅಪ್ಪ-ಅಮ್ಮ, ಅಜ್ಜ-ಅಜ್ಜಿಗೂ ‘ಖೆಫೆಲಿಸಿತೇರ್ಟ್’ ಎಂದು ಶುಭ ಕೋರುತ್ತಾರೆ. ಕೈಕುಲುಕುತ್ತಾ ಎಲ್ಲರಿಗೂ ಹೇಳುತ್ತಾ ಹೋಗಿ. ತುಂಬಾ ಚೆಂದದ ಪದ್ಧತಿ ಇದು. ಊಟಕ್ಕೆ ಕೂತಾಗ ‘ಏತ್ ಸ್ಮಾಕೆಲಿಕ್’, ಹುಷಾರಿಲ್ಲದವರಿಗೆ ‘ಬೇಟರ್‌ಸ್ಖಪ್’.

ನಿಮ್ಮ ಉಚ್ಚಾರ ಕೇಳಿದ ಕೂಡಲೇ ಇಲ್ಲಿನವರು ಇಂಗ್ಲಿಷಿಗೆ ತಿರುಗಬಹುದು. ಬೇಜಾರಾಗಬೇಡಿ, ಅದು ಸಹಾಯಕ್ಕಾಗಿ. ‘ಇಕ್ ಲೇರ್ ನೇದರ್‌ಲಾಂಡ್ಸ್’, ಅಂದರೆ ‘ನಾನು ಡಚ್ ಕಲಿಯುತ್ತಿದ್ದೇನೆ’ ಎನ್ನಿ. ಮತ್ತೆ ಡಚ್‌ನಲ್ಲೇ, ನಿಧಾನವಾಗಿ ಮಾತಾಡುವವರು ಸಿಗುತ್ತಾರೆ. ಎಷ್ಟೋ ಊರಿನ ಲೈಬ್ರರಿಗಳಲ್ಲಿ ‘ತಾಲ್‌ಕಫೆ’ ಎಂಬ ಮಾತಿನ ಕೂಟ ನಡೆಯುತ್ತದೆ. ನಿಮ್ಮ ಊರಿನಲ್ಲಿ ಯಾವ ದಿನ ಇದೆ ಎಂದು ಲೈಬ್ರರಿಯಲ್ಲಿ ಕೇಳಿ, ಅಜ್ಜ-ಅಜ್ಜಿ ಬಂದಿದ್ದರೆ ಅವರನ್ನೂ ಕರೆದುಕೊಂಡು ಹೋಗಿ.