ರಿಮ್ಯಾಪ್ ಮಾಡಿಸಿದ ಕಾರಿಗೆ ಯಾವ ಪೆಟ್ರೋಲ್?

ಆಕ್ಟೇನ್ ಹೆಚ್ಚಿದ್ದರೆ ಪೆಟ್ರೋಲಿನ ಶಕ್ತಿಯೂ ಹೆಚ್ಚು ಎಂದು ನಂಬಿದವರು ಬಹಳ. ಆದರೆ ಆ ಅಂಕಿ ಹೇಳುವುದು ಒತ್ತಡ, ಬಿಸಿ ಏರಿದಾಗ ಪೆಟ್ರೋಲು ತಾನಾಗಿ ಹೊತ್ತಿಕೊಳ್ಳದೆ ಎಷ್ಟು ತಾಳುತ್ತದೆ ಎಂಬುದನ್ನು ಮಾತ್ರ. ರಿಮ್ಯಾಪ್ ಆದ, ಅಂದರೆ ಶಕ್ತಿ ಏರಿಸಲು ಕಂಪ್ಯೂಟರಿನ ಸೆಟ್ಟಿಂಗ್ (ಮ್ಯಾಪ್) ಬದಲಿಸಿದ ಟರ್ಬೊ ಎಂಜಿನ್ನಿನಲ್ಲಿ ಬೂಸ್ಟ್ (ಟರ್ಬೊ ಗಾಳಿ ತುರುಕುವ ಒತ್ತಡ) ಏರಿರುತ್ತದೆ, ಸ್ಪಾರ್ಕ್ ಮುಂಚೆ ಬರುತ್ತದೆ. ತಾಳಿಕೆ ಸಾಲದಿದ್ದರೆ ನಾಕಿಂಗ್, ಅಂದರೆ ಇಂಧನ ತಾನಾಗಿ ಹೊತ್ತಿ ಬಡಿಯುವುದು, ಶುರು. ಆಗ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಸ್ಪಾರ್ಕನ್ನು ತಡಮಾಡುತ್ತದೆ. ದುಡ್ಡು ಕೊಟ್ಟು ಪಡೆದ ಬಿಎಚ್‌ಪಿ ಅಲ್ಲೇ ಸೋರಿಹೋಗುತ್ತದೆ. ನಾಕಿಂಗ್ ಇಸಿಯು ಹಿಡಿತವನ್ನೂ ಮೀರಿದರೆ ಪಿಸ್ಟನ್ನೇ ಒಡೆಯಬಹುದು.

ಮೊದಲು ರಿಮ್ಯಾಪ್ ಮಾಡಿಕೊಟ್ಟ ಟ್ಯೂನರ್ ಹತ್ತಿರ ಕೇಳಿ: ಮ್ಯಾಪ್ ಬರೆದದ್ದು ಯಾವ ಆಕ್ಟೇನಿಗೆ, ಯಾವ ಅಳತೆಯಲ್ಲಿ? ನಮ್ಮ ಬಂಕುಗಳಲ್ಲಿ ಕಾಣುವುದು ಆರ್‌ಒಎನ್. ಅಮೆರಿಕದ ಮ್ಯಾಪ್ ಫೈಲುಗಳಲ್ಲಿ ಇರುವುದು ಎಕೆಐ, ಆಕ್ಟೇನಿನ ಇನ್ನೊಂದು ಅಳತೆ. ಅಲ್ಲಿನ 93 ಅಂದರೆ ಇಲ್ಲಿನ ಸುಮಾರು 98. '93ರ ಮ್ಯಾಪ್ ತಾನೇ' ಎಂದು ಎಕ್ಸ್‌ಪಿ95 (ಇಂಡಿಯನ್ ಆಯಿಲ್‌ನ 95 ಆಕ್ಟೇನ್ ಪೆಟ್ರೋಲ್) ತುಂಬಿಸಿದರೆ ಎಡವಟ್ಟು ಖಚಿತ.

ಮ್ಯಾಪ್ 95ರದ್ದಾದರೆ 95 ಸಾಕು. ಅದೇ ಕಂಪನಿಯ 100 ಆಕ್ಟೇನಿನ ಎಕ್ಸ್‌ಪಿ100ಗೆ ಸುರಿಯುವ ಹಣ ಬಹುಪಾಲು ದಂಡ. 97–98 ಬೇಕಿದ್ದರೆ ಬೆರೆಸಬಹುದು: 95ರ 20 ಲೀಟರಿಗೆ 100ರ 20 ಲೀಟರ್ ಸೇರಿದರೆ ಹೆಚ್ಚುಕಡಿಮೆ 97.5. ಟ್ಯಾಂಕಿನ ತಳದಲ್ಲಿ ಉಳಿದಿರುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಪೆಟ್ರೋಲಿಗೆ ಬೆರೆಸುವ ಆಕ್ಟೇನ್ ಬೂಸ್ಟರ್ ಡಬ್ಬಿಯ ಮೇಲಿನ '30 ಪಾಯಿಂಟ್' ಸಾಮಾನ್ಯವಾಗಿ ಬರೀ 3 ಆಕ್ಟೇನ್. ಮ್ಯಾಂಗನೀಸ್ ಅಥವಾ ಕಬ್ಬಿಣದ ಸಂಯುಕ್ತ ಇರುವ ಬೂಸ್ಟರುಗಳು ಪ್ಲಗ್ಗಿಗೆ ಕೆಂಪು ಪದರ ಕಟ್ಟುತ್ತವೆ.

ಎಥನಾಲ್ ವಿಷಯ ಬೇರೆ. ಅದರ ಆಕ್ಟೇನ್ 100ಕ್ಕಿಂತ ಮೇಲೇ ಇದೆ. ತೊಡಕು ಪ್ರಮಾಣದ್ದು: 1 ಕೆಜಿ ಪೆಟ್ರೋಲಿಗೆ 14.7 ಕೆಜಿ ಗಾಳಿ ಬೇಕು, ಎಥನಾಲಿಗೆ 9 ಸಾಕು. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಸುರಿಯಬೇಕು. ಬೂಸ್ಟ್ ಏರಿಸಿ ಇಂಜೆಕ್ಟರ್, ಪಂಪು ಆಗಲೇ ಮಿತಿ ಮುಟ್ಟಿದ್ದರೆ, ಇ20 (20% ಎಥನಾಲ್ ಬೆರೆತ ಪೆಟ್ರೋಲ್) ಹಾಕಿದಾಗ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಸಿಗುವುದಿಲ್ಲ. ಟ್ಯೂನರ್ ಅಳೆದದ್ದು ಇ20 ಹಾಕಿಯೋ ಹೇಗೆ, ಕೇಳಿ.

ಬಂಕಿನಲ್ಲಿ ಓಡಾಟ ಜಾಸ್ತಿ ಇರುವ ಕಡೆ ತುಂಬಿಸಿ. 100 ನಿಧಾನವಾಗಿ ಖಾಲಿಯಾಗುವ ಸರಕು. ಸಂಶಯ ಬಂದರೆ ಸಾಂದ್ರತೆ ಅಳೆಸಿ. ಬಂಕಿನಲ್ಲಿ ದಾಖಲಾದದ್ದಕ್ಕೂ ಅಳೆದದ್ದಕ್ಕೂ ಘನಮೀಟರಿಗೆ 3 ಕೆಜಿ ದಾಟಿ ವ್ಯತ್ಯಾಸ ಇರಬಾರದು.

ಕೊನೆಗೆ ಲಾಗ್, ಅಂದರೆ ಇಸಿಯುವಿನ ಅಂಕಿಗಳ ದಾಖಲೆ. ಹೊಸ ಇಂಧನದಲ್ಲಿ ಅರ್ಧ ಟ್ಯಾಂಕ್ ಓಡಿಸಿ, ಡೈನೊ (ಕಾರಿನ ಶಕ್ತಿ ಅಳೆಯುವ ಯಂತ್ರ) ಮೇಲೆ 3ನೇ ಗೇರಿನಲ್ಲಿ 2500ರಿಂದ 6000 ಆರ್‌ಪಿಎಂವರೆಗೆ ಪೂರ್ತಿ ಒತ್ತಿ, ಪ್ರತಿ ಸಿಲಿಂಡರಿನ ಸ್ಪಾರ್ಕ್ ಎಷ್ಟು ಹಿಂದೆ ಸರಿಯುತ್ತದೆ ನೋಡಿ. ಆಗೊಮ್ಮೆ ಈಗೊಮ್ಮೆ 1–2 ಡಿಗ್ರಿಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ಎಲ್ಲ ಸಿಲಿಂಡರಿನಲ್ಲೂ 4–5 ಡಿಗ್ರಿ ನಿಂತುಬಿಟ್ಟರೆ ಆಕ್ಟೇನ್ ಸಾಲದು. ಒಂದರಲ್ಲೇ ಆದರೆ ಪ್ಲಗ್, ಕಾಯಿಲ್, ಇಂಜೆಕ್ಟರ್ ನೋಡಿಸಿ. ಜನವರಿಯ ಬೆಂಗಳೂರಿನಲ್ಲಿ ಪಾಸಾದ ಮ್ಯಾಪ್ ಮೇ ತಿಂಗಳ ರಾಯಚೂರಿನಲ್ಲಿ ಫೇಲಾಗಬಹುದು, ಒಳಹೋಗುವ ಗಾಳಿಯೇ ಅಷ್ಟು ಬಿಸಿ.

ದೂರದ ದಾರಿಯಲ್ಲಿ 100 ಸಿಗದಿದ್ದರೆ 95ರ ಮ್ಯಾಪಿಗೆ ಬದಲಿಸಿ. ಅದಿಲ್ಲವೇ? ಅರ್ಧ ಥ್ರಾಟಲ್ ದಾಟಬೇಡಿ, ಘಾಟಿ ಏರುವಾಗ ಗೇರ್ ಇಳಿಸಿ. 2000 ಆರ್‌ಪಿಎಂ ಕೆಳಗೆ ಮೇಲಿನ ಗೇರಿನಲ್ಲಿ ಒತ್ತಿಹಿಡಿಯುವುದೇ ಎಲ್ಲಕ್ಕಿಂತ ಕೆಟ್ಟದ್ದು.