ಕಾಡು ಸಸ್ತನಿಯ ಮುಂಗಾಲಿನ ನರಗಳನ್ನು ಬಿಡಿಸಿ ಗುರುತಿಸುವ ಕ್ರಮ

ಮುಂಗಾಲಿನ ಬಹುಪಾಲು ನರಗಳು ಕಂಕುಳಿನ ಬ್ರೇಕಿಯಲ್ ನರಜಾಲದಿಂದ ಹೊರಡುತ್ತವೆ. ಹೆಚ್ಚಿನ ಸಸ್ತನಿಗಳಲ್ಲಿ ಕುತ್ತಿಗೆಯ 6, 7 ಮತ್ತು 8ನೆಯ ನರಗಳೂ ಎದೆಯ 1ನೆಯ ನರವೂ ಇದರಲ್ಲಿ ಕೂಡುತ್ತವೆ. ಕುತ್ತಿಗೆಯ 5ನೆಯದು ಅಥವಾ ಎದೆಯ 2ನೆಯದು ಸೇರುವುದು ಪ್ರಭೇದದಿಂದ ಪ್ರಭೇದಕ್ಕೆ, ಕೆಲವೊಮ್ಮೆ ಒಂದೇ ಪ್ರಾಣಿಯ ಎಡಬಲಗಳ ನಡುವೆಯೂ, ಬದಲಾಗುತ್ತದೆ. ಆದ್ದರಿಂದ ಸಾಕುನಾಯಿಯ ಚಿತ್ರಪಟವನ್ನು ನೋಡಿ ಕಾಡುಪ್ರಾಣಿಯ ನರಗಳಿಗೆ ಹೆಸರಿಡಬಾರದು. ನರದ ಬೇರನ್ನೂ (ಅದು ಬೆನ್ನುಹುರಿಯಿಂದ ಹೊರಡುವ ಭಾಗ) ಅದು ತಲುಪುವ ಸ್ನಾಯುವನ್ನೂ ಕಣ್ಣಾರೆ ಕಂಡ ಮೇಲೆಯೇ ಹೆಸರು ಬರೆಯಬೇಕು.

ತಾನಾಗಿ ಸತ್ತ ಪ್ರಾಣಿಯ ಕಳೇಬರವನ್ನು ಮಾತ್ರ, ಅಧಿಕೃತ ಅನುಮತಿ ಪಡೆದು, ಕೈಗವಸು ಧರಿಸಿ ಬಳಸಬೇಕು. ಹಠಾತ್ತನೆ ಸತ್ತು ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ರಕ್ತ ಸೋರಿರುವ ಕಳೇಬರವನ್ನು ತೆರೆಯಲೇಬಾರದು, ಏಕೆಂದರೆ ಅದು ಮನುಷ್ಯರಿಗೂ ತಗಲುವ ಮಾರಕ ರೋಗವಾದ ಆಂಥ್ರಾಕ್ಸ್‌ನ ಲಕ್ಷಣವಾಗಿರಬಹುದು. ಶೇ. 10ರ ಫಾರ್ಮಾಲಿನ್ ದ್ರಾವಣದಲ್ಲಿಟ್ಟು ಕೊಳೆಯದಂತೆ ಸ್ಥಿರೀಕರಿಸಿದ ಕಾಲಿನಲ್ಲಿ ನರಗಳು ಗಟ್ಟಿಯಾಗಿ, ಸುಲಭವಾಗಿ ಹರಿಯದೆ ಉಳಿಯುತ್ತವೆ.

ಕಳೇಬರವನ್ನು ಅಂಗಾತ ಮಲಗಿಸಿ, ಎದೆಮೂಳೆಯಿಂದ ಮೊಣಕೈಯ ಒಳಬದಿಯವರೆಗೆ ಚರ್ಮವನ್ನಷ್ಟೇ ಸೀಳಿ ಬಿಡಿಸಿರಿ. ಎದೆಯ ಸ್ನಾಯುಗಳನ್ನು ಎದೆಮೂಳೆಯ ಹತ್ತಿರ ಕತ್ತರಿಸಿ ಕಾಲನ್ನು ಹೊರಕ್ಕೆ ತೆರೆದಾಗ ಕಂಕುಳಿನ ರಕ್ತನಾಳಗಳ ಸುತ್ತ ಬಿಳಿಯ ನರಗಳ ಗೊಂಚಲು ಕಾಣುತ್ತದೆ. ಇಲ್ಲಿಂದ ಮುಂದೆ ಅಲಗನ್ನು ಬದಿಗಿಟ್ಟು, ಮೊಂಡು ತುದಿಯ ಚಿಮುಟದಿಂದ ನರದ ಉದ್ದಕ್ಕೇ ಕೊಬ್ಬನ್ನು ಬಿಡಿಸುತ್ತ ಸಾಗಬೇಕು; ಅಡ್ಡಕ್ಕೆ ಎಳೆದರೆ ಸಣ್ಣ ಕವಲುಗಳು ಮೊದಲು ಹರಿಯುತ್ತವೆ.

ಬೇರುಗಳನ್ನು ಎಣಿಸುವಾಗ ಎಚ್ಚರ ಅಗತ್ಯ. ಬಹುತೇಕ ಸಸ್ತನಿಗಳಿಗೆ ಕುತ್ತಿಗೆಯ ಕಶೇರುಗಳು (ಬೆನ್ನುಮೂಳೆಯ ಮಣಿಗಳು) 7, ಆದರೆ ಕುತ್ತಿಗೆಯ ನರಗಳು 8. ಮೊದಲ ಪಕ್ಕೆಲುಬಿನ ತಲೆಯ ಮುಂದೆ ಹೊರಬರುವುದು ಕುತ್ತಿಗೆಯ 8ನೆಯ ನರ, ಹಿಂದೆ ಹೊರಬರುವುದು ಎದೆಯ 1ನೆಯದು. ಇವೆರಡನ್ನು ಖಚಿತಪಡಿಸಿಕೊಂಡು ತಲೆಯ ಕಡೆಗೆ ಎಣಿಸಿರಿ.

ಬಳಿಕ ತುದಿಗಳತ್ತ ಹೋಗಬಹುದು. ಹೆಗಲೆಲುಬಿನ ಮುಂದಿನ ಅಂಚಿನಲ್ಲಿ ನುಸುಳುವುದು ಸುಪ್ರಾಸ್ಕ್ಯಾಪುಲರ್ ನರ. ಹೆಗಲ ಕೀಲಿನ ಹಿಂದೆ ಹೊರಬದಿಗೆ ಹಾಯುವುದು ಆಕ್ಸಿಲರಿ ನರ. ಸಾಮಾನ್ಯವಾಗಿ ಎಲ್ಲಕ್ಕಿಂತ ದಪ್ಪನಾದ ರೇಡಿಯಲ್ ನರವು ತೋಳಿನ ಹಿಂಬದಿಯ ಟ್ರೈಸೆಪ್ಸ್ ಸ್ನಾಯುವಿನೊಳಗೆ ಇಳಿದು, ತೋಳಿನ ಮೂಳೆಯನ್ನು ಸುತ್ತಿ ಹೊರಬದಿಗೆ ತಿರುಗುತ್ತದೆ. ಮೀಡಿಯನ್ ಮತ್ತು ಅಲ್ನಾರ್ ನರಗಳು ತೋಳಿನ ಒಳಬದಿಯಲ್ಲಿ ಜೊತೆಯಾಗಿ ಇಳಿಯುವುದರಿಂದ ಇವನ್ನು ಅದಲುಬದಲು ಮಾಡುವ ಅಪಾಯ ಹೆಚ್ಚು: ಮೊಣಕೈಯ ಹಿಂಬದಿಗೆ ಸರಿಯುವುದು ಅಲ್ನಾರ್, ಮುಂಬದಿಯಲ್ಲೇ ಉಳಿಯುವುದು ಮೀಡಿಯನ್. ಬೆಕ್ಕಿನಲ್ಲಿ ಮೀಡಿಯನ್ ನರವು ತೋಳಿನ ಮೂಳೆಯ ಕೆಳತುದಿಯ ರಂಧ್ರದ ಮೂಲಕವೇ ಹಾಯುವುದರಿಂದ, ಕಾಡುಬೆಕ್ಕುಗಳಲ್ಲಿ ಆ ಜಾಗವನ್ನು ತಪ್ಪದೆ ಪರೀಕ್ಷಿಸಬೇಕು. ಗೊರಸಿನ ಪ್ರಾಣಿಗಳಲ್ಲಿ, ತೋಳಿನ ಮುಂಬದಿಯ ಸ್ನಾಯುಗಳಿಗೆ ಹೋಗುವ ಮಸ್ಕ್ಯುಲೋಕ್ಯುಟೇನಿಯಸ್ ನರವು ಮೀಡಿಯನ್ ನರದೊಡನೆ ಸೇರಿ ಕಂಕುಳಿನ ಅಪಧಮನಿಯ ಸುತ್ತ ಕುಣಿಕೆಯಾಗುತ್ತದೆ. ಅದು ನೋಡಲೇಬೇಕಾದ ಸೊಗಸಾದ ರಚನೆ.

ಗುರುತಿಸಿದ ಪ್ರತಿ ನರಕ್ಕೂ ಬೇರೆ ಬಣ್ಣದ ದಾರ ಕಟ್ಟಿ, ಅಳತೆಪಟ್ಟಿಯೊಡನೆ ಛಾಯಾಚಿತ್ರ ತೆಗೆದು, ಅದೇ ಕ್ರಮದಲ್ಲಿ ಇನ್ನೊಂದು ಬದಿಯ ಕಾಲನ್ನೂ ಬಿಡಿಸಿರಿ.