ಫ್ರಾನ್ಸಿನಲ್ಲಿ ಬಾಕಿ ವಸೂಲಿ: ಆದೇಶ ಪಡೆದರೆ ಸಾಲದು, ಜಾರಿಯಾಗಬೇಕು

ಫ್ರಾನ್ಸಿನ ಗಿರಾಕಿ ಬಿಲ್ಲಿನ ಹಣ ಕೊಡದೆ ಸತಾಯಿಸುತ್ತಿದ್ದರೆ ನೇರವಾಗಿ ದಾವೆಗೆ ಇಳಿಯಬೇಕಿಲ್ಲ. ಬಾಕಿ ಕರಾರಿನಿಂದ ಹುಟ್ಟಿದ್ದು, ಮೊತ್ತ ಖಚಿತವಾಗಿದ್ದು, ಗಡುವು ದಾಟಿದ್ದರೆ ‘ಆಂಜೋಂಕ್ಸಿಯೋಂ ದ ಪೇಯೇ’, ಅಂದರೆ ಪಾವತಿ ಆದೇಶದ ದಾರಿ ಇದೆ. ಎದುರಾಳಿಯನ್ನು ಕರೆಸದೆ, ಕಾಗದಪತ್ರ ನೋಡಿಯೇ ನ್ಯಾಯಾಧೀಶರು ತೀರ್ಮಾನಿಸುತ್ತಾರೆ. ವಕೀಲರು ಕಡ್ಡಾಯವಲ್ಲ, ಮೊತ್ತಕ್ಕೆ ಮೇಲ್ಮಿತಿಯೂ ಇಲ್ಲ. ಆದರೆ ಬಾಕಿದಾರರು ಫ್ರಾನ್ಸಿನಲ್ಲೇ ನೆಲೆಸಿರಬೇಕು.

ಮೊದಲು ಬಾಕಿ ಕೇಳಲು ಕಾನೂನು ಕೊಟ್ಟ ಕಾಲಮಿತಿ ಲೆಕ್ಕ ಹಾಕಿ. ಸಾಮಾನ್ಯ ಬಾಕಿಗೆ 5 ವರ್ಷ. ವ್ಯಾಪಾರಿಗೆ ಗ್ರಾಹಕರಿಂದ ಬರಬೇಕಾದ ಹಣಕ್ಕೆ 2 ವರ್ಷ ಮಾತ್ರ. ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ. ಬಡ್ಡಿ ಲೆಕ್ಕಕ್ಕೆ ಅದು ಬೇಕು. ಆದರೆ ಆ ನೋಟಿಸಿನಿಂದ ಕಾಲಮಿತಿ ನಿಲ್ಲುವುದಿಲ್ಲ. ಅರ್ಜಿ ಸಲ್ಲಿಸಿದರೂ ನಿಲ್ಲುವುದಿಲ್ಲ! ಆದೇಶವನ್ನು ಬಾಕಿದಾರರಿಗೆ ಜಾರಿ ಮಾಡಿದ, ಅಂದರೆ ಅಧಿಕೃತವಾಗಿ ತಲುಪಿಸಿದ ದಿನವೇ ಅದು ನಿಲ್ಲುವುದು. ಅನುಭವಿಗಳೂ ಎಡವುವುದು ಇಲ್ಲೇ. ಕೆಲವೇ ವಾರ ಉಳಿದಿದ್ದರೆ ಈ ದಾರಿ ಬಿಟ್ಟು ನೇರ ಸಮನ್ಸ್ ದಾವೆ ಹೂಡಿ.

ಅರ್ಜಿ ಹೋಗಬೇಕಾದದ್ದು ಬಾಕಿದಾರರ ಊರಿನ ನ್ಯಾಯಾಲಯಕ್ಕೆ. ಇಬ್ಬರೂ ವರ್ತಕರಾದರೆ ವಾಣಿಜ್ಯ ನ್ಯಾಯಾಲಯ. ಪ್ಯಾರಿಸ್, ಲಿಯೋಂ, ಮಾರ್ಸೇ ಸೇರಿ 12 ಕಡೆ ಇದನ್ನು 2025ರ ಜನವರಿಯಿಂದ ಪ್ರಾಯೋಗಿಕವಾಗಿ ‘ಆರ್ಥಿಕ ಚಟುವಟಿಕೆಗಳ ನ್ಯಾಯಾಲಯ’ ಎಂದು ಕರೆಯುತ್ತಾರೆ. ಉಳಿದ ಸಿವಿಲ್ ಬಾಕಿಗೆ ‘ತ್ರಿಬ್ಯುನಾಲ್ ಜ್ಯುದಿಸಿಯೇರ್’ ಎಂಬ ಸಾಮಾನ್ಯ ನ್ಯಾಯಾಲಯ. ಅಸಲು, ಬಡ್ಡಿ, ಖರ್ಚುಗಳನ್ನು ಬೇರೆಬೇರೆಯಾಗಿ ತೋರಿಸಿ. ವರ್ತಕರ ನಡುವಿನ ಬಾಕಿಯಾದರೆ ತಡವಾದ ಪ್ರತಿ ಬಿಲ್ಲಿಗೂ 40 ಯೂರೋ ವಸೂಲಿ ಖರ್ಚು ಸೇರಿಸಬಹುದು. ಆರ್ಡರ್, ಬಿಲ್ಲು, ನೋಟಿಸ್, ಅಂಚೆ ಸ್ವೀಕೃತಿ ಜೊತೆಗಿರಲಿ. ಮುಖ್ಯವಾಗಿ ಸರಕು ತಲುಪಿದ ಅಥವಾ ಕೆಲಸ ಮುಗಿದ ಪುರಾವೆ ಬೇಕು. ಬರೀ ಬಿಲ್ಲು ನೀವೇ ಬರೆದುಕೊಂಡ ಕಾಗದವಷ್ಟೇ. ಬೆಂಗಳೂರಿನಿಂದ ಇಂಗ್ಲಿಷಿನಲ್ಲಿ ಬಿಲ್ಲು ಮಾಡಿದವರು ಫ್ರೆಂಚ್ ಅನುವಾದ ಲಗತ್ತಿಸುವುದು ಒಳ್ಳೆಯದು.

ಅರ್ಜಿ ತಿರಸ್ಕೃತವಾದರೆ ಮೇಲ್ಮನವಿ ಇಲ್ಲ, ಸಾಮಾನ್ಯ ದಾವೆ ಹೂಡಬಹುದು. ಕೇಳಿದ್ದರಲ್ಲಿ ಅರ್ಧಕ್ಕಷ್ಟೇ ಆದೇಶ ಬಂದರೆ ಹುಷಾರು: ಜಾರಿ ಮಾಡಿಸಿದಿರೋ, ಉಳಿದರ್ಧ ಕೈಬಿಟ್ಟಂತೆ. ಪೂರ್ತಿ ಬೇಕಿದ್ದರೆ ಆದೇಶವನ್ನು ಜಾರಿ ಮಾಡಿಸದೆ ದಾವೆಗೆ ಹೋಗಿ.

ಜಾರಿ ಮಾಡುವವರು ‘ಕೊಮಿಸೇರ್ ದ ಜ್ಯುಸ್ತೀಸ್’. ನಮ್ಮ ಕೋರ್ಟಿನ ಅಮೀನರ ಕೆಲಸವೇ, ಆದರೆ ಇವರು ಸ್ವಂತ ಕಚೇರಿ ಇಟ್ಟುಕೊಂಡ ಅಧಿಕಾರಿಗಳು. ‘ಉಯಿಸಿಯೇ’ ಎಂಬ ಹಳೆಯ ಹೆಸರು 2022ರ ಜುಲೈಯಲ್ಲಿ ಹೋಯಿತು. ಜಾರಿಗೆ 6 ತಿಂಗಳು ಮೀರಿದರೆ ಆದೇಶವೇ ಬಿದ್ದುಹೋಗುವುದರಿಂದ ಮೊದಲ ವಾರದಲ್ಲೇ ಕೊಟ್ಟುಬಿಡಿ. ಬಾಕಿದಾರರ ಕೈಗೇ ತಲುಪುವಂತೆ ಕೇಳಿಕೊಳ್ಳಿ. ತಲುಪಿದ ದಿನದಿಂದ ಒಂದು ತಿಂಗಳು ಅವರು ತಕರಾರು ಎತ್ತಬಹುದು. ಕೈಗೆ ತಲುಪದಿದ್ದರೆ ಆ ಅವಕಾಶ ಖಾತೆ ಜಪ್ತಿಯಂಥ ಕ್ರಮ ನಡೆದು ಒಂದು ತಿಂಗಳಾಗುವವರೆಗೂ ತೆರೆದೇ ಇರಬಹುದು.

ತಕರಾರು ಬಂದರೆ ಪ್ರಕರಣ ಮಾಮೂಲಿ ವಿಚಾರಣೆಗೆ ತಿರುಗುತ್ತದೆ, ಬಾಕಿ ಸಾಬೀತುಪಡಿಸುವ ಹೊರೆ ನಿಮ್ಮದು. 10,000 ಯೂರೋ ಮೀರಿದ್ದರೆ ಆಗ ವಕೀಲರು ಬೇಕಾಗುತ್ತಾರೆ.

ತಕರಾರಿಲ್ಲದೆ ತಿಂಗಳು ಕಳೆದರೆ ಬ್ಯಾಂಕ್ ಖಾತೆ ಜಪ್ತಿಗೆ ಕೊಮಿಸೇರ್ ಅವರಿಗೆ ಹೇಳಿ. ಜಪ್ತಿಯ ಸುದ್ದಿಯನ್ನು 8 ದಿನದೊಳಗೆ ಬಾಕಿದಾರರಿಗೆ ತಿಳಿಸದಿದ್ದರೆ ಜಪ್ತಿಯೇ ರದ್ದು. ಖಾತೆಯಲ್ಲಿ ಜೀವನಕ್ಕೆಂದು ಕಾನೂನು ಬಿಡಿಸಿಟ್ಟ ಕನಿಷ್ಠ ಮೊತ್ತವನ್ನು ಮುಟ್ಟುವಂತಿಲ್ಲ.